ಹತ್ತು ಸಾವಿರ ಹೊಗೆಗಳ ಕಣಿವೆಯಲ್ಲಿ ಹೊಗೆಯಿಲ್ಲ

ಕಟ್ಮಾಯ್‌ಗೆ ರಸ್ತೆಯಿಲ್ಲ. ಅಲಾಸ್ಕಾದ ದೊಡ್ಡ ಪಟ್ಟಣ ಆಂಕರೇಜ್‌ನಿಂದ ನೈಋತ್ಯಕ್ಕೆ ಸುಮಾರು 465 ಕಿಲೋಮೀಟರ್ ದೂರದ ಈ ರಾಷ್ಟ್ರೀಯ ಉದ್ಯಾನಕ್ಕೆ ಬಸ್ಸಿಲ್ಲ, ರೈಲಿಲ್ಲ, ಬಾಡಿಗೆ ಕಾರು ಹಿಡಿದು ಹೊರಟರೂ ದಾರಿ ಸಾಗುವುದಿಲ್ಲ. ವಿಮಾನದಲ್ಲಿ ಕಿಂಗ್ ಸಾಲ್ಮನ್ ಎಂಬ ಪುಟ್ಟ ಊರಿಗೆ ಹೋಗಿ ಇಳಿಯಬೇಕು. ಅಲ್ಲಿಂದ ಮುಂದಕ್ಕೆ ದೋಣಿ, ಇಲ್ಲವೇ ಚಕ್ರ ಇರಬೇಕಾದ ಜಾಗದಲ್ಲಿ ಎರಡು ಉದ್ದನೆಯ ತೇಲುಗಾಲು ಕಟ್ಟಿಕೊಂಡ ಸಣ್ಣ ವಿಮಾನ. ಅದು ನ್ಯಾಕ್‌ನೆಕ್ ಸರೋವರದ ನೀರಿನ ಮೇಲೆಯೇ ಇಳಿದು, ದೋಣಿಯ ಹಾಗೆ ದಡಕ್ಕೆ ಬಂದು ನಿಲ್ಲುತ್ತದೆ. ಮಂಜು ಕವಿದರೆ ಅದೂ ಇಲ್ಲ. ಇಲ್ಲಿನ ಹವೆಯ ಮುಂದೆ ಟೈಮ್‌ಟೇಬಲ್ ಹಿಡಿದು ವಾದಿಸುವಂತಿಲ್ಲ. ಹೋಗುವವರು ಹಿಂತಿರುಗುವ ಟಿಕೆಟ್ಟಿಗೆ ಮುಂಚೆ ಎರಡು ದಿನ ಖಾಲಿ ಬಿಟ್ಟುಕೊಳ್ಳುವುದು ಮೊದಲ ಜಾಣತನ.

ಅಮೆರಿಕದಲ್ಲಿ ನೆಲೆಸಿದ ನಮ್ಮವರು ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡಾಗ ಅಲಾಸ್ಕಾ ತೋರಿಸುವುದು ಈಚೆಗೆ ಒಂದು ರೂಢಿಯೇ ಆಗಿದೆ. ಸಿಯಾಟಲ್‌ನಲ್ಲಿ ದೊಡ್ಡ ಹಡಗು ಹತ್ತಿಸಿ, ಕೆಚಿಕನ್, ಜೂನೋ ಊರುಗಳಲ್ಲಿ ಅರ್ಧ ದಿನ ಸುತ್ತಾಡಿಸಿ, ಹಿಮನದಿಯ ಮುಂದೆ ಫೋಟೊ ತೆಗೆಸಿ ಕರೆತರುತ್ತಾರೆ. ಅದು ಅಲಾಸ್ಕಾದ ಆಗ್ನೇಯ ಬಾಲ. ಕಟ್ಮಾಯ್ ಇರುವುದು ಅದರ ಎದುರು ದಿಕ್ಕಿನಲ್ಲಿ, ಏಷ್ಯಾದ ಕಡೆಗೆ ಕೈ ಚಾಚಿದ ಅಲಾಸ್ಕಾ ಪರ್ಯಾಯದ್ವೀಪದ ಬುಡದಲ್ಲಿ. ಉದ್ಯಾನದ ವಿಸ್ತೀರ್ಣ ಸುಮಾರು 16,500 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಒಳಗೆ ಹೋಗಲು ಟಿಕೆಟ್ಟಿಲ್ಲ. ಗೇಟೇ ಇಲ್ಲದ ಮೇಲೆ ಟಿಕೆಟ್ ಹರಿಯುವವರು ಎಲ್ಲಿ ಕೂರಬೇಕು?

ಬ್ರೂಕ್ಸ್ ಕ್ಯಾಂಪ್ ಎಂಬಲ್ಲಿ ಇಳಿದ ಕೂಡಲೇ ಪ್ರವಾಸಿಯನ್ನು ಪಾಠಕ್ಕೆ ಕೂರಿಸುತ್ತಾರೆ. ಕರಡಿಯ ಪಾಠ. ಎಂಬತ್ತರ ಅಜ್ಜನಿರಲಿ, ಹತ್ತನೇ ಸಲ ಬಂದ ಫೋಟೊಗ್ರಾಫರ್ ಇರಲಿ, ತಪ್ಪಿಸಿಕೊಳ್ಳುವ ಹಾಗಿಲ್ಲ. ಕರಡಿಯಿಂದ 50 ಗಜ ದೂರ ಇರಬೇಕು. ಎದುರಾದರೆ ಓಡಬಾರದು. ದಾರಿ ಅದರದ್ದು, ನಾವು ಬದಿಗೆ ಸರಿಯಬೇಕು. ತಿಂಡಿ, ಪೇಸ್ಟು, ಸೋಪು, ವಾಸನೆ ಬರುವ ಯಾವುದನ್ನೂ ಡೇರೆಯೊಳಗೆ ಇಟ್ಟುಕೊಳ್ಳುವಂತಿಲ್ಲ, ಅವಕ್ಕೇ ಬೇರೆ ಕೊಠಡಿ ಇದೆ. ಡೇರೆ ಹಾಕುವ ಬಯಲಿಗೆ ವಿದ್ಯುತ್ ಬೇಲಿ. ಇಲ್ಲಿ ಬೇಲಿಯೊಳಗೆ ಇರುವವರು ಮನುಷ್ಯರು.

ಈ ಕಟ್ಟುನಿಟ್ಟಿಗೆ ಕಾರಣ ಸಾಲ್ಮನ್ ಮೀನು. ಪಕ್ಕದ ಬ್ರಿಸ್ಟಲ್ ಕೊಲ್ಲಿಗೆ ಪ್ರತಿ ಬೇಸಿಗೆಯಲ್ಲಿ ಸಾಕೈ ಜಾತಿಯ ಸಾಲ್ಮನ್‌ಗಳು ಕೋಟಿಗಟ್ಟಲೆ ಬರುತ್ತವೆ. ಆ ಜಾತಿಯ ಮೀನು ಇಷ್ಟು ಸಂಖ್ಯೆಯಲ್ಲಿ ಲೋಕದ ಇನ್ನೆಲ್ಲಿಯೂ ಬರುವುದಿಲ್ಲ. ಹುಟ್ಟಿದ ಹೊಳೆಯಲ್ಲೇ ಮೊಟ್ಟೆಯಿಡಬೇಕೆಂಬ ಹಟದಲ್ಲಿ ಅವು ಸಮುದ್ರ ಬಿಟ್ಟು ನದಿ ಹತ್ತುತ್ತವೆ. ಬ್ರೂಕ್ಸ್ ನದಿಯಲ್ಲಿ ಆಳೆತ್ತರದ ಒಂದು ಜಲಪಾತ ಅಡ್ಡ ಸಿಗುತ್ತದೆ. ನಮ್ಮ ಕಡೆ ಅದನ್ನು ಜಲಪಾತ ಎಂದು ಯಾರೂ ಕರೆಯಲಾರರು, ಒಂದು ಕಟ್ಟೆ ಅಷ್ಟೆ. ಆದರೆ ಮೀನಿಗೆ ಅದು ಬೆಟ್ಟ. ಜುಲೈ ತಿಂಗಳಲ್ಲಿ ಮೀನುಗಳು ಹಾರಿ ಹಾರಿ ಬೀಳುತ್ತಿದ್ದರೆ, ಕಟ್ಟೆಯ ತುದಿಯಲ್ಲಿ ನಿಂತ ಕಂದು ಕರಡಿ ಬಾಯಿ ತೆರೆದು ಕಾಯುತ್ತದೆ. ಮೀನು ತಾನಾಗಿ ಬಂದು ಬಾಯಿಗೆ ಬೀಳುವ ಆ ಪ್ರಸಿದ್ಧ ಫೋಟೊ ಇಲ್ಲಿಯದೇ. ಎಲ್ಲ ಕರಡಿಗೂ ಆ ಜಾಗ ಸಿಗುವುದಿಲ್ಲ. ಬಲಿಷ್ಠ ಗಂಡಿಗೆ ಒಳ್ಳೆಯ ಮಡು, ಮರಿಯೊಡನೆ ಬಂದ ತಾಯಿಗೆ ದೂರದ ಅಂಚು, ಎಳೆಯದಕ್ಕೆ ಬೇರೆಯವರು ಬಿಟ್ಟ ಚೂರು. ಅರ್ಧ ಗಂಟೆ ನೋಡಿದರೆ ಯಾರು ಯಾರಿಗೆ ಹೆದರುತ್ತಾರೆ ಎಂಬುದು ಮದುವೆಮನೆಯ ಪಂಕ್ತಿಯಷ್ಟೇ ಸ್ಪಷ್ಟವಾಗಿ ಕಾಣುತ್ತದೆ.

ಚಳಿಗಾಲದ ನಿದ್ದೆಯಲ್ಲಿ ಕರಡಿ ತನ್ನ ತೂಕದ ಮೂರನೇ ಒಂದು ಭಾಗದಷ್ಟನ್ನು ಕಳೆದುಕೊಳ್ಳಬಲ್ಲದು. ಆದ್ದರಿಂದ ಬೇಸಿಗೆಯೆಂದರೆ ತಿನ್ನುವ ಕೆಲಸ, ಬೇರೆ ಕಸುಬಿಲ್ಲ. ದೊಡ್ಡ ಗಂಡು ಶರತ್ಕಾಲದ ಹೊತ್ತಿಗೆ 450 ಕಿಲೋ ದಾಟುತ್ತದೆ. 2014ರಿಂದ ಉದ್ಯಾನದವರು ಪ್ರತಿ ವರ್ಷ ಶರತ್ಕಾಲದಲ್ಲಿ ಅತಿ ದಪ್ಪ ಕರಡಿಗೆ ಆನ್‌ಲೈನ್ ಮತದಾನ ನಡೆಸುತ್ತಾರೆ. ಓಟಿಸ್ ಎಂಬ ಹಲ್ಲು ಸವೆದ ಮುದಿ ಗಂಡು ನಾಲ್ಕು ಸಲ ಗೆದ್ದಿತ್ತು. ಜಗಳಕ್ಕೆ ಹೋಗದೆ ಒಂದು ಮೂಲೆ ಹಿಡಿದು ಗಂಟೆಗಟ್ಟಲೆ ಕೂತು ತಿನ್ನುವುದು ಅದರ ಯುದ್ಧತಂತ್ರ. ಜಲಪಾತದ ಬಳಿಯ ಅಟ್ಟಣಿಗೆಯಲ್ಲಿ ಒಮ್ಮೆಗೆ 40 ಜನರಿಗೆ ಮಾತ್ರ ಜಾಗ. ಜುಲೈಯಲ್ಲಿ ಹೆಸರು ಬರೆಸಿ ಸರದಿ ಕಾಯಬೇಕು. ದರೋಜಿಯ ಕರಡಿಧಾಮದಲ್ಲಿ ಬಂಡೆಗೆ ಸವರಿದ ಬೆಲ್ಲಕ್ಕೆ ಬರುವ ಕರಡಿಯನ್ನು ಎದುರಿನ ಗೋಪುರದಿಂದ ನೋಡಿದವರಿಗೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಇಲ್ಲಿ ಬೆಲ್ಲ ಸವರುವವರಿಲ್ಲ, ಆ ಕೆಲಸವನ್ನು ನದಿ ಮಾಡುತ್ತದೆ.

ಹೆಚ್ಚಿನ ಪ್ರವಾಸಿಗಳು ಕರಡಿ ನೋಡಿ, ಅದೇ ದಿನ ವಿಮಾನ ಹತ್ತಿ ಹೊರಟುಬಿಡುತ್ತಾರೆ. ನನ್ನ ಪ್ರಕಾರ ಅದು ಹಂಪಿಗೆ ಹೋಗಿ ಆನೆಲಾಯ ನೋಡಿ ಮರಳಿದ ಹಾಗೆ. ಕ್ಯಾಂಪಿನಿಂದ 37 ಕಿಲೋಮೀಟರ್ ಮಣ್ಣುದಾರಿಯಲ್ಲಿ ದಿನಕ್ಕೊಂದು ಬಸ್ಸು ಒಳಗೆ ಹೋಗುತ್ತದೆ. ಹೊಳೆ ದಾಟಿ, ಸ್ಪ್ರೂಸ್ ಮರಗಳ ಕಾಡು ದಾಟಿ, ಒಂದು ಗುಡ್ಡದ ತುದಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ನೋಡಿದರೆ ಹಸಿರು ಗೆರೆ ಎಳೆದಂತೆ ನಿಂತುಹೋಗುತ್ತದೆ. ಮುಂದೆ ಬರೀ ಕೆನೆ, ಗುಲಾಬಿ, ಇಟ್ಟಿಗೆ ಬಣ್ಣದ ಬಯಲು. ಮರವಿಲ್ಲ, ಹೆಚ್ಚಿನ ಕಡೆ ಹುಲ್ಲೂ ಇಲ್ಲ. ಬಯಲಿನ ನಡುವೆ ನದಿಗಳು ಚಾಕುವಿನಲ್ಲಿ ಕೊಯ್ದ ಹಾಗೆ ಆಳವಾದ, ಕಿರಿದಾದ ಸೀಳು ಮಾಡಿಕೊಂಡು ಹರಿಯುತ್ತಿವೆ. ಇದೇ ಹತ್ತು ಸಾವಿರ ಹೊಗೆಗಳ ಕಣಿವೆ. ಒಂದೂ ಹೊಗೆ ಕಾಣುವುದಿಲ್ಲ.

ಕಟ್ಮಾಯ್‌ನಲ್ಲಿ ಹೆಸರುಗಳನ್ನು ನಂಬಬಾರದು ಎಂಬುದು ಇಲ್ಲಿಂದ ಶುರುವಾಗುತ್ತದೆ.

1912ರ ಜೂನ್ 6ರ ಮಧ್ಯಾಹ್ನ ಇಲ್ಲಿ ನೆಲ ಒಡೆಯಿತು. ಸುಮಾರು 60 ಗಂಟೆ ಕಾಲ ಒಳಗಿನದೆಲ್ಲ ಹೊರಗೆ ಬಂತು. ಹೊರಬಿದ್ದ ಶಿಲಾಪಾಕದ, ಅಂದರೆ ಕರಗಿದ ಕಲ್ಲಿನ, ಲೆಕ್ಕ ಸುಮಾರು 13 ಘನ ಕಿಲೋಮೀಟರ್. 1980ರಲ್ಲಿ ಲೋಕವೆಲ್ಲ ಟೀವಿಯಲ್ಲಿ ನೋಡಿದ ಸೇಂಟ್ ಹೆಲೆನ್ಸ್ ಪರ್ವತ ಉಗುಳಿದ್ದರ ಮೂವತ್ತು ಪಟ್ಟು ಇದು. ಇಪ್ಪತ್ತನೇ ಶತಮಾನದಲ್ಲಿ ಇದಕ್ಕಿಂತ ದೊಡ್ಡ ಸ್ಫೋಟ ಭೂಮಿಯ ಮೇಲೆ ಆಗಲಿಲ್ಲ. ಆದರೂ ಕ್ರಾಕಟೋವಾ ಜ್ವಾಲಾಮುಖಿಯ ಹೆಸರು ಬಲ್ಲವರು ಇದರ ಹೆಸರು ಕೇಳಿರುವುದಿಲ್ಲ. ಕಾರಣ ಸರಳ. ನೇರವಾಗಿ ಸತ್ತವರು ಯಾರೂ ದಾಖಲಾಗಿಲ್ಲ. ಹೆಣ ಬೀಳದ ದುರಂತಕ್ಕೆ ಚರಿತ್ರೆಯಲ್ಲಿ ಜಾಗ ಕಡಿಮೆ.

ಇಲ್ಲಿ ನೆಲ ಯಾಕೆ ಒಡೆಯುತ್ತದೆ? ಪೆಸಿಫಿಕ್ ಸಾಗರದ ತಳದ ಶಿಲಾಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರ್ ವೇಗದಲ್ಲಿ ಅಲಾಸ್ಕಾದ ಅಡಿಗೆ ತೂರಿಕೊಳ್ಳುತ್ತಿದೆ. ಹೀಗೆ ಮುಳುಗುವ ಕಲ್ಲು ತನ್ನೊಡನೆ ಸಮುದ್ರದ ನೀರಿನ ಅಂಶವನ್ನೂ ಒಯ್ಯುತ್ತದೆ. ಆಳದಲ್ಲಿ ಆ ನೀರು ಬಿಡುಗಡೆಯಾಗಿ ಮೇಲಿನ ಬಿಸಿ ಕಲ್ಲಿಗೆ ಸೇರಿದಾಗ ಕಲ್ಲು ಬೇಗ ಕರಗುತ್ತದೆ. ಕರಗಿದ್ದು ಮೇಲೇರುತ್ತದೆ. ಏರುವ ದಾರಿಯಲ್ಲಿ ಅದು ಸಿಲಿಕಾ ಹೆಚ್ಚಾಗಿ ಮಂದವಾದರೆ ಅಪಾಯ. ರಾಗಿಮುದ್ದೆಗೆ ಎಸರಿಟ್ಟವರಿಗೆ ಇದು ಗೊತ್ತು. ಬರೀ ನೀರು ಕುದಿಯುವಾಗ ಗುಳ್ಳೆ ಸದ್ದಿಲ್ಲದೆ ಒಡೆಯುತ್ತದೆ. ಹಿಟ್ಟು ಹಾಕಿದ ಮೇಲೆ ಅದೇ ಗುಳ್ಳೆ ಒಳಗೆ ಸಿಕ್ಕಿಕೊಂಡು, ಉಬ್ಬಿ, ಬುಳಕ್ಕೆಂದು ಸಿಡಿದು ಕೈ ಸುಡುತ್ತದೆ. ಕಟ್ಮಾಯ್‌ನ ಶಿಲಾಪಾಕದಲ್ಲಿ ಬಹುಪಾಲು ರಯೊಲೈಟ್ ಎಂಬ ಅತಿ ಮಂದ ಜಾತಿಯದು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಕಂಬ ಕಂಬವಾಗಿ ನಿಂತ ಕಲ್ಲುಗಳ ಮೇಲೆ ಕೂತವರು ಅದೇ ಬಳಗದ ಕಲ್ಲಿನ ಮೇಲೆ ಕೂತಿದ್ದಾರೆ. ಅದು ಸುಮಾರು 8.8 ಕೋಟಿ ವರ್ಷ ಹಳತು, ಇದು ನಮ್ಮ ಅಜ್ಜಂದಿರ ಕಾಲದ್ದು.

ಕಟ್ಮಾಯ್‌ನಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಶೆಲಿಕಾಫ್ ಜಲಸಂಧಿಯ ಆಚೆ, ಕೊಡಿಯಾಕ್ ಎಂಬ ದ್ವೀಪದ ಊರು. ಜೂನ್ ಎಂದರೆ ಅಲ್ಲಿ ರಾತ್ರಿಯೂ ಸರಿಯಾಗಿ ಕತ್ತಲಾಗದ ತಿಂಗಳು. ಆ ಜೂನಿನಲ್ಲಿ ಊರು ಎರಡೂವರೆ ದಿನ ಕತ್ತಲಲ್ಲಿ ಮುಳುಗಿತು. ಕೈ ಚಾಚಿ ಹಿಡಿದ ಲಾಟೀನು ಹಿಡಿದವನಿಗೇ ಕಾಣದಂಥ ಕತ್ತಲು. ಬೂದಿ ಒಂದಡಿಯಷ್ಟು ಬಿದ್ದು ಮಾಡುಗಳು ಕುಸಿದವು, ಬಾವಿ ತೊರೆಗಳ ನೀರು ಕುಡಿಯದಂತಾಯಿತು. ಸಿಡಿಲಿಗೆ ವೈರ್‌ಲೆಸ್ ಕೇಂದ್ರ ಸುಟ್ಟುಹೋಗಿ ಹೊರಲೋಕಕ್ಕೆ ಸುದ್ದಿ ಮುಟ್ಟಿಸುವ ದಾರಿಯೂ ಮುಚ್ಚಿತು. ಬಂದರಿನಲ್ಲಿದ್ದ ‘ಮ್ಯಾನಿಂಗ್’ ಎಂಬ ಸರ್ಕಾರಿ ಹಡಗು ನೂರಾರು ಜನರನ್ನು ಹತ್ತಿಸಿಕೊಂಡು ಕಾಪಾಡಿತು. ಸ್ಫೋಟದ ಸದ್ದು 1,200 ಕಿಲೋಮೀಟರ್ ದೂರದ ಜೂನೋದಲ್ಲಿ ಕೇಳಿಸಿತು, ಅದೂ ಸುಮಾರು ಒಂದು ಗಂಟೆ ತಡವಾಗಿ. ಕೆನಡಾದ ವ್ಯಾಂಕೂವರಿನಲ್ಲಿ ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳು ಆಮ್ಲದ ಮಳೆಗೆ ನವೆದು ಹರಿದವು.

ಇಷ್ಟೆಲ್ಲ ಆದಾಗ ಯಾವ ಬೆಟ್ಟ ಸಿಡಿಯಿತು ಎಂಬುದನ್ನು ಹತ್ತಿರದಿಂದ ಕಂಡವರಿಲ್ಲ. ಕಟ್ಮಾಯ್ ಪರ್ವತದ ತಲೆಯೇ ಕಾಣೆಯಾಗಿತ್ತು, ಅಲ್ಲೊಂದು ಕಿಲೋಮೀಟರುಗಟ್ಟಲೆ ಅಗಲದ ಹೊಂಡ ಬಿದ್ದಿತ್ತು. ಸಾಕ್ಷಿ ಇನ್ನೇನು ಬೇಕು? ತಪ್ಪು ಕಟ್ಮಾಯ್‌ನದೇ ಎಂದು ತೀರ್ಮಾನವಾಯಿತು. ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ 1915ರಿಂದ ಕಳಿಸಿದ ತಂಡಗಳ ನಾಯಕ ರಾಬರ್ಟ್ ಗ್ರಿಗ್ಸ್ ಕೂಡ ಹಾಗೆಯೇ ನಂಬಿದ. ಗ್ರಿಗ್ಸ್ ಭೂವಿಜ್ಞಾನಿ ಅಲ್ಲ, ಸಸ್ಯಶಾಸ್ತ್ರಜ್ಞ. ಬೂದಿ ಬಿದ್ದ ನೆಲದಲ್ಲಿ ಗಿಡ ಹೇಗೆ ಮರಳುತ್ತದೆ ಎಂದು ನೋಡಲು ಬಂದವನು. 1950ರ ದಶಕದಲ್ಲಿ ಗಾರ್ನಿಸ್ ಕರ್ಟಿಸ್ ಎಂಬ ಭೂವಿಜ್ಞಾನಿ ಬೂದಿಯ ಪದರಗಳ ದಪ್ಪವನ್ನು ಜಾಗ ಜಾಗದಲ್ಲಿ ಅಳೆದಾಗ ಲೆಕ್ಕ ತಾಳೆಯಾಗಲಿಲ್ಲ. ಬೂದಿ ಅತಿ ದಪ್ಪಗಿದ್ದದ್ದು ಕಟ್ಮಾಯ್ ಸುತ್ತ ಅಲ್ಲ, ಅದರಿಂದ 10 ಕಿಲೋಮೀಟರ್ ಆಚೆ ನೊವಾರಪ್ಟಾ ಎಂಬ, ಸುಮಾರು 400 ಮೀಟರ್ ಅಗಲದ ಕರಿ ಕಲ್ಲಿನ ಗುಪ್ಪೆಯ ಸುತ್ತ. ಸಿಡಿದದ್ದು ಅದು. ಸ್ಫೋಟದ ಕೊನೆಯಲ್ಲಿ ಉಳಿದ ಲಾವಾ ಬಾಯಿಗೆ ಬಿರಡೆ ಹಾಕಿದಂತೆ ಗಟ್ಟಿಯಾಗಿ ನಿಂತಿತ್ತು.

ಹಾಗಾದರೆ ಕಟ್ಮಾಯ್ ಕುಸಿದದ್ದೇಕೆ? ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬ ತನ್ನ ಜಮೀನಿನಲ್ಲಿ ಆಳದ ಬೋರ್‌ವೆಲ್ ಕೊರೆಸುತ್ತಾನೆ, ಎರಡು ಹೊಲದಾಚೆ ಇನ್ನೊಬ್ಬನ ಬೋರ್ ಬತ್ತುತ್ತದೆ. ಕಟ್ಮಾಯ್ ಅಡಿಯಲ್ಲಿದ್ದ ಶಿಲಾಪಾಕ ನೆಲದೊಳಗೇ ದಾರಿ ಮಾಡಿಕೊಂಡು ನೊವಾರಪ್ಟಾದ ಬಾಯಲ್ಲಿ ಹೊರಬಿತ್ತು. ಅಡಿ ಖಾಲಿಯಾದ ಪರ್ವತದ ನೆತ್ತಿ ಕುಸಿದು ಹೊಂಡಕ್ಕೆ ಬಿತ್ತು. ಈಗ ಆ ಹೊಂಡದಲ್ಲಿ ಹಸಿರುನೀಲಿ ಬಣ್ಣದ ಆಳವಾದ ಸರೋವರವಿದೆ. ಉದ್ಯಾನಕ್ಕೆ ಮಾತ್ರ ನಿರಪರಾಧಿ ಬೆಟ್ಟದ ಹೆಸರೇ ಉಳಿದುಕೊಂಡಿತು.

ಇನ್ನು ಹೊಗೆಯ ಕತೆ. 1916ರಲ್ಲಿ ಗ್ರಿಗ್ಸ್ ಕರಾವಳಿಯ ಕಡೆಯಿಂದ ಹತ್ತಿ ಕಟ್ಮಾಯ್ ಕಣಿವೆದಾರಿಯ ತುದಿಗೆ ಬಂದಾಗ ಎದುರಿಗೆ ಕಣ್ಣು ಮುಟ್ಟುವವರೆಗೆ ನೆಲದ ಬಿರುಕುಗಳಿಂದ ಹಬೆ ಏಳುತ್ತಿತ್ತು. ಸಾವಿರಾರು ಕಂಬಗಳು, ಕೆಲವು ನೂರಾರು ಅಡಿ ಎತ್ತರ. ಹತ್ತು ಸಾವಿರ ಎಂದು ಅವನು ಎಣಿಸಿ ಹೇಳಿದ್ದಲ್ಲ. ಮುಂದಿನ ವರ್ಷಗಳಲ್ಲಿ ಅವನ ತಂಡ ಕಣಿವೆಯಲ್ಲೇ ಡೇರೆ ಹಾಕಿತು. ಸೌದೆ ಒಂದು ಕಡ್ಡಿಯೂ ಇಲ್ಲದ ಜಾಗದಲ್ಲಿ ಅಡುಗೆಗೆ ಚಿಂತೆಯಿರಲಿಲ್ಲ, ಬಿರುಕಿನ ಮೇಲೆ ಪಾತ್ರೆ ಇಟ್ಟರಾಯಿತು. ಬಾಣಲೆಯನ್ನು ಮಾತ್ರ ಬಿಗಿಯಾಗಿ ಹಿಡಿದುಕೊಳ್ಳಬೇಕಿತ್ತು, ಇಲ್ಲವಾದರೆ ಹಬೆಯ ರಭಸಕ್ಕೆ ಅದು ಮೇಲಕ್ಕೆ ಹಾರುತ್ತಿತ್ತು. 1919ರಲ್ಲಿ ಒಂದು ಬಿರುಕಿನ ಶಾಖ ಅಳೆದಾಗ 645 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಈ ಅಚ್ಚರಿಯನ್ನು ಉಳಿಸಬೇಕೆಂದೇ ಅಧ್ಯಕ್ಷ ವುಡ್ರೊ ವಿಲ್ಸನ್ 1918ರ ಸೆಪ್ಟೆಂಬರ್ 24ರಂದು ಈ ಪ್ರದೇಶವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು.

ಆದರೆ ಹೊಗೆಗೆ ಬೇರಿರಲಿಲ್ಲ. ಸ್ಫೋಟದಲ್ಲಿ ಹೊರಬಿದ್ದ ಕುದಿಬೂದಿ ಹೊಳೆಯಾಗಿ ಹರಿದು ಕಣಿವೆಯನ್ನು ತುಂಬಿತ್ತು, ಕೆಲವು ಕಡೆ 200 ಮೀಟರ್ ದಪ್ಪಕ್ಕೆ. ಅದರ ಅಡಿಯಲ್ಲಿ ಹಳೆಯ ನದಿ, ಒರತೆ, ಹಿಮ ಎಲ್ಲವೂ ಹೂತುಹೋಗಿದ್ದವು. ಆ ನೀರು ಬೂದಿಯ ಶಾಖಕ್ಕೆ ಕುದಿದು ಮೇಲೆ ಬರುತ್ತಿತ್ತು, ಅಷ್ಟೆ. ಒಲೆ ಆರಿದ ಮೇಲೂ ಬೂದಿಯಲ್ಲಿ ಸ್ವಲ್ಪ ಹೊತ್ತು ಕಾವು ಇರುತ್ತದಲ್ಲ, ಹಾಗೆ. ಕಣಿವೆಯ ಅಡಿಯಲ್ಲೇ ಶಿಲಾಪಾಕವಿದೆ ಎಂದು ತಿಳಿದವರ ಊಹೆ ತಪ್ಪಾಯಿತು. ಬೂದಿ ತಣಿದ ಹಾಗೆ ಹೊಗೆಗಳು ಒಂದೊಂದೇ ನಿಂತವು. ಯಾವುದನ್ನು ಶಾಶ್ವತವಾಗಿ ಉಳಿಸಲು ಸರ್ಕಾರ ಗಡಿ ಹಾಕಿತೋ ಅದರ ಬಹುಪಾಲು ಎರಡು ದಶಕಗಳೊಳಗೆ ಇಲ್ಲವಾಯಿತು. ಇಂದು ಉಳಿದಿರುವುದು ನೊವಾರಪ್ಟಾದ ಆಸುಪಾಸಿನ ಒಂದಿಷ್ಟು ಬೆಚ್ಚನೆಯ ನೆಲ, ಮತ್ತು ಹೊಗೆ ಏಳುತ್ತಿದ್ದ ಬಿರುಕುಗಳ ಉದ್ದಕ್ಕೆ ಕಲ್ಲಿಗೆ ಹತ್ತಿದ ಕೆಂಪು, ಹಳದಿ ಬಣ್ಣ.

ಗಿಡ ನೋಡಲು ಬಂದ ಗ್ರಿಗ್ಸ್‌ಗೆ ಗಿಡದ ವಿಷಯದಲ್ಲಿ ಒಳ್ಳೆಯ ಉತ್ತರವೇ ಸಿಕ್ಕಿತು. ಕೊಡಿಯಾಕ್ ದ್ವೀಪ 1913ರಲ್ಲಿ ಸತ್ತಂತೆ ಬಿದ್ದಿತ್ತು. ಎರಡು ವರ್ಷ ಬಿಟ್ಟು ಬಂದಾಗ ಅದು ಹಸಿರಾಗಿತ್ತು. ಬೂದಿಯಲ್ಲಿ ಹೊಸ ಬೀಜ ಮೊಳೆತು ಆದ ಹಸಿರಲ್ಲ ಅದು. ಒಂದಡಿ ಬೂದಿಯ ಕೆಳಗೆ ಬದುಕಿ ಉಳಿದಿದ್ದ ಹಳೆಯ ಬೇರು ಬಿರುಕು ಸಿಕ್ಕಲ್ಲಿ ಚಿಗುರಿತ್ತು. ಕಣಿವೆಯಲ್ಲಿ ಈ ಉಪಾಯ ನಡೆಯಲಿಲ್ಲ, ಇನ್ನೂರು ಮೀಟರ್ ಕೆಳಗಿನ ಬೇರು ಬೆಂದೇಹೋಗಿತ್ತು. ಬೂದಿಯಲ್ಲಿ ಸಾರಜನಕವೂ ಇಲ್ಲ, ಗಾಳಿಗೆ ಮಣ್ಣು ನಿಲ್ಲುವುದೂ ಇಲ್ಲ. ನೂರು ವರ್ಷ ಕಳೆದರೂ ಕಣಿವೆ ಬೋಳು. ಎಷ್ಟು ಬೋಳು ಎಂದರೆ 1965 ಮತ್ತು 1966ರಲ್ಲಿ ಅಪೊಲೊ ಯಾನಿಗಳನ್ನು ಚಂದ್ರನ ನೆಲದ ಅಭ್ಯಾಸಕ್ಕೆ ಇಲ್ಲಿಗೆ ಕರೆತಂದರು.

ಬಲವಾದ ಗಾಳಿ ಬೀಸಿದಾಗ 1912ರ ಬೂದಿ ಇವತ್ತಿಗೂ ಎದ್ದು, ಮೋಡದಂತೆ ಜಲಸಂಧಿ ದಾಟಿ ಕೊಡಿಯಾಕ್ ಕಡೆ ಹೋಗುತ್ತದೆ. ಅಲಾಸ್ಕಾ ಜ್ವಾಲಾಮುಖಿ ವೀಕ್ಷಣಾಲಯ ಆಗೆಲ್ಲ ಎಚ್ಚರಿಕೆ ಹೊರಡಿಸುತ್ತದೆ, ಏಕೆಂದರೆ ಬೂದಿ ವಿಮಾನಕ್ಕೆ ಶತ್ರು. 1989ರ ಡಿಸೆಂಬರಿನಲ್ಲಿ ಇದೇ ಅಲಾಸ್ಕಾದ ರಿಡೌಟ್ ಜ್ವಾಲಾಮುಖಿಯ ಬೂದಿ ಹೊಕ್ಕು ಒಂದು ಜಂಬೋ ವಿಮಾನದ ನಾಲ್ಕೂ ಎಂಜಿನ್ ನಿಂತಿದ್ದವು, ಕೆಳಗೆ ಬರುಬರುತ್ತ ಮತ್ತೆ ಚಾಲೂ ಆಗಿ ಪ್ರಯಾಣಿಕರು ಬದುಕಿದರು. ಬೂದಿಯೊಡನೆ ಮೇಲೇರುವ ಗಂಧಕದ ಅನಿಲ ಇನ್ನೂ ದೂರ ಹೋಗುತ್ತದೆ. ಅಮೆರಿಕದ ಹವಾಮಾನ ವಿಜ್ಞಾನಿ ಅಲನ್ ರೋಬಾಕ್ ಮತ್ತು ಸಂಗಡಿಗರು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಕಟ್ಮಾಯ್ ಸ್ಫೋಟವನ್ನು ಕಂಪ್ಯೂಟರ್ ಮಾದರಿಯಲ್ಲಿ ಮರುಸೃಷ್ಟಿಸಿ ನೋಡಿದರು. ಉತ್ತರದ ಭೂಭಾಗ ತಣ್ಣಗಾಗಿ, ನೆಲ ಮತ್ತು ಕಡಲಿನ ನಡುವಿನ ಶಾಖದ ಅಂತರ ಕುಗ್ಗಿ, ಭಾರತದ ಮುಂಗಾರು ಸೊರಗುತ್ತದೆ ಎಂದಿತು ಮಾದರಿ. ಮಾದರಿಯ ಮಾತನ್ನು ಆ ವರ್ಷದ ಮಳೆಪಟ್ಟಿಯೆಂದು ಓದಿಕೊಳ್ಳಬಾರದು. ಆದರೂ ಅಷ್ಟು ದೂರದ ಉತ್ತರದ ಒಂದು ಬಾಯಿಗೂ ಕೊಡಗಿನ ಮೇಲೆ ಬರುವ ಮೋಡಕ್ಕೂ ನಂಟು ಇರಬಹುದೆಂಬುದು ಸಣ್ಣ ಸಂಗತಿಯಲ್ಲ.

ಕರಾವಳಿಯ ಕಡೆಗೆ ಬ್ರೂಕ್ಸ್ ಕ್ಯಾಂಪಿನ ಜನಜಂಗುಳಿ ಇಲ್ಲ. ಕೊಡಿಯಾಕ್‌ನಿಂದಲೋ ಹೋಮರ್‌ನಿಂದಲೋ ಸಣ್ಣ ವಿಮಾನದಲ್ಲಿ ಹೊರಟು, ಇಳಿತದ ಹೊತ್ತು ನೋಡಿಕೊಂಡು ಹ್ಯಾಲೋ ಬೇ ಎಂಬ ಕೊಲ್ಲಿಯ ಮರಳ ಮೇಲೆ ಇಳಿಯುತ್ತಾರೆ. ನಮ್ಮ ಮಲ್ಪೆ, ಕಾರವಾರದಲ್ಲಿ ಉಬ್ಬರ ಇಳಿತದ ಅಂತರ ಎರಡು ಮೀಟರಿನ ಒಳಗೆ. ಇಲ್ಲಿ ನೀರು ಅದರ ಎರಡು ಮೂರು ಪಟ್ಟು ಏರಿ ಇಳಿಯುತ್ತದೆ. ನೀರು ಸರಿದಾಗ ಬಯಲಾದ ಕೆಸರಿನಲ್ಲಿ ಕರಡಿಗಳು ಪಂಜದಿಂದ ತೋಡಿ, ಮಂಗಳೂರಿನವರು ಮರುವಾಯಿ ಆರಿಸುವಂತೆ, ಚಿಪ್ಪಿನ ಜೀವಿಗಳನ್ನು ಆರಿಸಿ ತಿನ್ನುತ್ತವೆ. ಜೂನಿನಲ್ಲಿ ಸಾಲ್ಮನ್ ಬರುವ ಮುಂಚೆ ದಡದ ಜೇಕಿನ ಹುಲ್ಲನ್ನು ದನದ ಹಾಗೆ ಮೇಯುತ್ತವೆ. ಬಂದವರು ಗುಂಪಾಗಿ ಕೂತು ನೋಡಬೇಕು. ಜೊತೆಗೆ ಬಂದ ಗೈಡ್ ಹೇಳಿದಾಗ ಏಳಬೇಕು. ಹಿಂದೆ ಜ್ವಾಲಾಮುಖಿಗಳ ಹಿಮದ ಸಾಲು. ಜಿಯಾಗ್ರಫಿಕ್ ಹಾರ್ಬರ್ ಎಂಬ ಒಳಕೊಲ್ಲಿಯ ಬೆಟ್ಟದ ಮೈಗೆ ಹಿಮದಂತೆ ಬೆಳ್ಳಗೆ ಅಂಟಿಕೊಂಡಿರುವುದು ಹಿಮವಲ್ಲ, 1912ರಲ್ಲಿ ಬಿದ್ದ ನೊರೆಗಲ್ಲು. ನಾವು ಬಚ್ಚಲಮನೆಯಲ್ಲಿ ಹಿಮ್ಮಡಿ ಉಜ್ಜಿಕೊಳ್ಳುವ, ನೀರಿನಲ್ಲಿ ತೇಲುವ ಆ ಕಲ್ಲೇ. ಒಂದನ್ನಾದರೂ ಜೇಬಿಗೆ ಹಾಕಿಕೊಳ್ಳೋಣ ಎನಿಸುತ್ತದೆ. ಹಾಕಬೇಡಿ, ಉದ್ಯಾನದ ಕಲ್ಲು ಒಯ್ಯುವುದು ಅಪರಾಧ.

ಇದೇ ಕರಾವಳಿಯಲ್ಲಿ ಕಾಫ್ಲಿಯಾ ಎಂಬ ಕೊಲ್ಲಿಯಿದೆ. 1912ರ ಜೂನಿನಲ್ಲಿ ಅಲ್ಲಿನ ಮೀನುಗಾರಿಕೆಯ ಬಿಡಾರದಲ್ಲಿದ್ದ ಇವಾನ್ ಓರ್ಲಾಫ್ ಎಂಬಾತ ಬೂದಿಯ ಕತ್ತಲಲ್ಲಿ ದೀಪ ಹಚ್ಚಿಕೊಂಡು ಹೆಂಡತಿಗೆ ಕಾಗದ ಬರೆದ. ಹತ್ತಿರದ ಬೆಟ್ಟ ಸಿಡಿದಿದೆ, ಕುಡಿಯಲು ನೀರಿಲ್ಲ, ಯಾವ ಗಳಿಗೆಯಲ್ಲಾದರೂ ಸಾಯಬಹುದು, ನಮಗಾಗಿ ಪ್ರಾರ್ಥಿಸು ಎಂಬುದು ಅದರ ಸಾರ. ಅವನು ಬದುಕಿ ಉಳಿದ. ತೊಂಬತ್ತೊಂದು ವರ್ಷಗಳ ನಂತರ, 2003ರ ಅಕ್ಟೋಬರಿನಲ್ಲಿ, ಅದೇ ಕೊಲ್ಲಿಯ ಬಳಿ ಟಿಮೊತಿ ಟ್ರೆಡ್‌ವೆಲ್ ಮತ್ತು ಅವನ ಗೆಳತಿಯನ್ನು ಕರಡಿ ಕೊಂದಿತು. ಹದಿಮೂರು ಬೇಸಿಗೆಗಳನ್ನು ಕರಡಿಗಳ ನಡುವೆ ಕಳೆದವನು ಅವನು. ಅವಕ್ಕೆ ಹೆಸರಿಟ್ಟು ಮಾತಾಡಿಸುತ್ತಿದ್ದ, ವಿದ್ಯುತ್ ಬೇಲಿ ಬೇಡವೆನ್ನುತ್ತಿದ್ದ. ವರ್ನರ್ ಹರ್ಟ್ಸಾಗ್ 2005ರಲ್ಲಿ ಅವನ ಕುರಿತು ತೆಗೆದ ‘ಗ್ರಿಜ್ಲಿ ಮ್ಯಾನ್’ ಸಾಕ್ಷ್ಯಚಿತ್ರವನ್ನು ನಮ್ಮಲ್ಲೂ ಹಲವರು ನೋಡಿದ್ದಾರೆ. ಕರಡಿ ತನ್ನನ್ನು ಬಂಧುವೆಂದು ಒಪ್ಪಿಕೊಂಡಿದೆ ಎಂದು ಅವನು ನಂಬಿದ್ದ. ಆ ಸಂಬಂಧದ ವಿಷಯ ಕರಡಿಗೆ ತಿಳಿದಿರಲಿಲ್ಲ.

ಈ ಜಾಗದ ಮೂರನೆಯ ತಪ್ಪು ಹೆಸರು ‘ವೈಲ್ಡರ್ನೆಸ್’. ಮನುಷ್ಯ ಮುಟ್ಟದ ಕಾಡು ಎಂದು ಅರ್ಥ. ಮುಟ್ಟಿದ ಗುರುತುಗಳು ಬೇಕಾದಷ್ಟಿವೆ. 1989ರ ಮಾರ್ಚಿನಲ್ಲಿ ನೂರಾರು ಕಿಲೋಮೀಟರ್ ದೂರದಲ್ಲಿ ‘ಎಕ್ಸಾನ್ ವಾಲ್ಡೀಸ್’ ಹಡಗಿನಿಂದ ಚೆಲ್ಲಿದ ಎಣ್ಣೆ ತೇಲಿಬಂದು ಈ ಕರಾವಳಿಗೆ ಬಳಿಯಿತು, ದಶಕಗಳ ನಂತರವೂ ಬಂಡೆಗಳ ಅಡಿಯಲ್ಲಿ ಸಿಕ್ಕಿತು. ಅದಕ್ಕಿಂತ ಹಳೆಯ ಗುರುತು ಬ್ರೂಕ್ಸ್ ನದಿಯ ದಡದಲ್ಲೇ ಇದೆ. ನೆಲ ತೋಡಿ, ಮೇಲೆ ಹುಲ್ಲುಹೆಂಟೆಯ ಮಾಡು ಹಾಕಿ ಕಟ್ಟುತ್ತಿದ್ದ ಮನೆಗಳ ಗುಳಿಗಳು ನೂರಾರು. ಅಲ್ಲಿ ಮನುಷ್ಯರು ಸುಮಾರು 4,500 ವರ್ಷಗಳಿಂದ ಸಾಲ್ಮನ್ ಹಿಡಿದಿದ್ದಾರೆ. ಅಗೆದು ತೆಗೆದ ಅಂಥ ಒಂದು ಮನೆಯನ್ನು ಕ್ಯಾಂಪಿನಲ್ಲಿ ಮರುಕಟ್ಟಿ ಇಟ್ಟಿದ್ದಾರೆ. ಕರಡಿಯ ಅಟ್ಟಣಿಗೆಗೆ ಅವಸರದಲ್ಲಿ ಹೋಗುವವರು ಅದನ್ನು ದಾಟಿ ಹೋಗುತ್ತಾರೆ.

1912ರವರೆಗೆ ಇಲ್ಲಿ ಊರುಗಳಿದ್ದವು. ಕರಾವಳಿಯಲ್ಲಿ ಕಟ್ಮಾಯ್, ಡಗ್ಲಸ್, ಒಳನಾಡಿನಲ್ಲಿ ಸವನೋಸ್ಕಿ. ಕರಾವಳಿಯ ಊರಿನವರು ಸುಗ್ಪಿಯಾಕ್ ಜನ. ರಷ್ಯನ್ ವ್ಯಾಪಾರಿಗಳ ಕಾಲದಿಂದ ಆರ್ಥೊಡಾಕ್ಸ್ ಕ್ರೈಸ್ತರು. ಸ್ಫೋಟಕ್ಕೆ ಮುಂಚಿನ ದಿನಗಳಲ್ಲಿ ನೆಲ ನಡುಗುತ್ತಲೇ ಇತ್ತು. ಅನೇಕರು ಮೀನಿನ ಕೆಲಸಕ್ಕೆ ಬೇರೆಡೆ ಹೋಗಿದ್ದರು, ಉಳಿದವರು ಹೊರಟುಬಿಟ್ಟರು. ಹಾಗಾಗಿಯೇ ಹೆಣ ಬೀಳಲಿಲ್ಲ. ಆದರೆ ಮರಳಲು ಊರೂ ಉಳಿಯಲಿಲ್ಲ. ಆರು ವರ್ಷಗಳ ನಂತರ ಸ್ಮಾರಕ ಘೋಷಣೆಯಾಯಿತು. 1931ರಲ್ಲಿ ಗಡಿ ಹಿಗ್ಗಿ ಬ್ರೂಕ್ಸ್ ನದಿಯೂ ಒಳಗಾಯಿತು. 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಜನ ಇಲ್ಲದ ಕಾಡು ಎಂದು ಪ್ರವಾಸಿಗೆ ಕಾಣುವುದು, ಜನ ಓಡಿಹೋದ ಮೇಲೆ ಬಾಗಿಲು ಹಾಕಿದ ಊರು. ಕಾಡಿನ ಜನರನ್ನು ಹೊರಗೆ ಕಳಿಸಿದ ನಾಗರಹೊಳೆಯ ಕತೆ ಬಲ್ಲವರಿಗೆ ಈ ಧಾಟಿ ಪರಿಚಿತವೇ.

ಮೊಟ್ಟೆಯಿಡುವ ಹೊತ್ತಿಗೆ ಸಾಕೈ ಮೀನು ಮೈಯೆಲ್ಲ ಕೆಂಪಾಗಿ, ಇಟ್ಟು ಮುಗಿಸುವಷ್ಟರಲ್ಲಿ ಕೊಬ್ಬು ಕರಗಿ ಸೊರಗುತ್ತದೆ. ಎಣ್ಣೆ ಕಡಿಮೆಯಾದ್ದರಿಂದ ಚೆನ್ನಾಗಿ ಒಣಗುತ್ತದೆ. ಚಳಿಗಾಲಕ್ಕೆ ಅದನ್ನು ಹಿಡಿದು ಒಣಗಿಸುವುದು ಇಲ್ಲಿನವರ ಹಳೆಯ ಪದ್ಧತಿ. ಉದ್ಯಾನದ ಕಾನೂನಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ನ್ಯಾಕ್‌ನೆಕ್ ಸರೋವರ ಮತ್ತು ನದಿಯ ಬಳಿ ಬದುಕಿದವರ ವಂಶಜರು ಕೆಂಪು ಮೀನು ಹಿಡಿಯಬಹುದು ಎಂದು ಅಮೆರಿಕದ ಸಂಸತ್ತು 1996ರಲ್ಲಿ ಒಪ್ಪಿತು. ಮನರಂಜನೆಗೆ ಗಾಳ ಹಾಕುವ ಪ್ರವಾಸಿಗೆ ಅಲ್ಲಿ 1950ರಿಂದಲೇ ಬಿಡಾರ ಸಿದ್ಧವಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ಓದಬೇಕು.

ಕಟ್ಮಾಯ್ ಮತ್ತು ಡಗ್ಲಸ್‌ನ ಜನರನ್ನು ಸರ್ಕಾರಿ ಹಡಗು 1912ರಲ್ಲೇ ನೈಋತ್ಯಕ್ಕೆ ಕರೆದೊಯ್ದು ಹೊಸ ಜಾಗದಲ್ಲಿ ನೆಲೆಗೊಳಿಸಿತು. ‘ಮ್ಯಾನಿಂಗ್’ ಹಡಗಿನ ಕಪ್ತಾನ ಪೆರಿಯ ಹೆಸರಿನಲ್ಲಿ ಅದು ಪೆರಿವಿಲ್ ಆಯಿತು. ಅವರ ಮರಿಮಕ್ಕಳು ಈಗಲೂ ಅಲ್ಲಿದ್ದಾರೆ, ಅಲ್ಲಿಗೂ ರಸ್ತೆಯಿಲ್ಲ. ಊರಿನಿಂದ 35 ಕಿಲೋಮೀಟರ್ ದೂರದಲ್ಲಿ ವೆನಿಯಾಮಿನಾಫ್ ಎಂಬ ಇನ್ನೊಂದು ಜ್ವಾಲಾಮುಖಿ ಇದೆ. 2018ರ ನವೆಂಬರಿನಲ್ಲಿ ಅದು ಉಗುಳಿದ ಬೂದಿ ಪೆರಿವಿಲ್‌ನ ಮೇಲೆ ತೆಳ್ಳಗೆ ಬಿತ್ತು.